ಮ್ಯಾಂಚೆಸ್ಟರ್‌ನ 0ಗೆ 2 ಇಲ್ಲದೆ ಓವಲ್‌ನ 6 ರನ್ ಇಲ್ಲ: ಇಂಗ್ಲೆಂಡ್ ಪ್ರವಾಸದ ಬಗ್ಗೆ ಮಾತಾಡೋಣ ಬನ್ನಿ

ಮೂರನೇಸ್ಲಿಪ್ · 5 ಆಗಸ್ಟ್ 2025

ನಿನ್ನೆ ಓವಲ್‌ನಲ್ಲಿ ಸಿರಾಜ್ ಯಾರ್ಕರ್‌ಗೆ ಆಟ್ಕಿನ್ಸನ್ ಬೌಲ್ಡ್ ಆದಾಗ ಎಲ್ಲರ ಹಾಗೆ ನಾನೂ ಎದ್ದು ಕೂಗಿದೆ. 6 ರನ್! ರನ್ ಅಂತರದಲ್ಲಿ ಲೆಕ್ಕ ಹಾಕಿದ್ರೆ ಟೆಸ್ಟ್‌ನಲ್ಲಿ ಭಾರತದ ಅತಿ ಕಡಿಮೆ ಅಂತರದ ಗೆಲುವು. ಐದು ಟೆಸ್ಟ್‌ಗಳ ಸರಣಿ 2-2. ಆದರೆ ರಾತ್ರಿ ಮಲಗಿದ ಮೇಲೆ ಕಣ್ಮುಂದೆ ಬಂದದ್ದು ಓವಲ್ ಅಲ್ಲ. ಅದಕ್ಕೆ ಒಂಬತ್ತು ದಿನ ಹಿಂದಿನ ಮ್ಯಾಂಚೆಸ್ಟರ್.

ಆ ಮಧ್ಯಾಹ್ನ ನೆನಪಿದೆ ತಾನೆ? ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡ್ 669 ಹೊಡೆದು ನಮ್ಮನ್ನ 311 ರನ್ ಹಿಂದಕ್ಕೆ ತಳ್ಳಿತ್ತು. ಮೊದಲನೇ ಓವರಲ್ಲೇ ವೋಕ್ಸ್ ಸತತ ಎರಡು ಎಸೆತಗಳಲ್ಲಿ ಜೈಸ್ವಾಲ್‌ನನ್ನೂ ಸಾಯಿ ಸುದರ್ಶನ್‌ನನ್ನೂ ವಾಪಸ್ ಕಳಿಸಿದ. 0 ರನ್‌ಗೆ 2 ವಿಕೆಟ್. ಪಂತ್ ಪಾದದ ಮೂಳೆ ಮುರಿದಿತ್ತು. ಸರಣಿ ಆಗ 2-1 ಇಂಗ್ಲೆಂಡ್ ಕಡೆ. ಅವತ್ತು ಸೋತಿದ್ರೆ 3-1, ಕಥೆ ಮುಗೀತಿತ್ತು. ಓವಲ್ ಬರೀ ಮಾನ ಉಳಿಸ್ಕೊಳ್ಳೋ ಪಂದ್ಯ ಆಗ್ತಿತ್ತು.

ಅಲ್ಲಿಂದ ಐದು ಸೆಷನ್‌ಗಳ ಹತ್ತಿರ ಹತ್ತಿರ ಆಡಿದ್ರು. 143 ಓವರ್, 4 ವಿಕೆಟ್‌ಗೆ 425. ಗಿಲ್ 103, ಜಡೇಜ 107, ವಾಷಿಂಗ್ಟನ್ 101, ಕೊನೆಯ ಇಬ್ಬರೂ ಔಟಾಗಲೇ ಇಲ್ಲ. ಮೂರು ಶತಕ ಅಂತ ಎಲ್ಲರೂ ಬರೆದ್ರು. 230 ಎಸೆತ ಆಡಿ 90ಕ್ಕೆ ಸ್ಟೋಕ್ಸ್‌ಗೆ ಎಲ್‌ಬಿಡಬ್ಲ್ಯು ಆದ ಆರಂಭಿಕ ಕೆ.ಎಲ್. ರಾಹುಲ್ ಬಗ್ಗೆ ಒಂದು ಸಾಲು. ಶತಕಕ್ಕೆ 10 ಕಡಿಮೆ, ಅಷ್ಟಕ್ಕೇ ಯಾವ ಪಟ್ಟಿಯಲ್ಲೂ ಹೆಸರಿಲ್ಲ.

ನನ್ನ ವಾದ ಇಷ್ಟು. ಓವಲ್ ಗೆಲುವಿಗೆ ಪಾಯ ಹಾಕಿದ್ದು ಆ 230 ಎಸೆತ. ಇಡೀ ಪ್ರವಾಸದಲ್ಲೂ ನಮ್ಮ ಬ್ಯಾಟಿಂಗ್ ನಿಂತದ್ದು ಅವನು ಹೊಸ ಚೆಂಡಿನ ಎದುರು ಕಳೆದ ಹೊತ್ತಿನ ಮೇಲೆ. ಇಂಗ್ಲೆಂಡ್‌ನಲ್ಲಿ ಟೆಸ್ಟ್‌ಗೆ ಬಳಸೋ ಡ್ಯೂಕ್ಸ್ ಚೆಂಡನ್ನ ಈ ಸಲ ನೋಡಿದವರಿಗೆ ಗೊತ್ತು, 30 ಓವರ್ ದಾಟೋದ್ರೊಳಗೆ ಮೆತ್ತಗಾಗಿ ಆಕಾರ ಕೆಡ್ತಿತ್ತು. ಆ ಮೊದಲ 30 ಓವರ್ ಯಾರು ನುಂಗ್ತಾರೋ ಅವರೇ ಮುಂದಿನವರಿಗೆ ಅನ್ನ ಬಡಿಸಿದವರು. ರಾಹುಲ್ ಬ್ಯಾಟನ್ನ ಮೈಗೆ ಹತ್ತಿರ ಇಟ್ಕೊಂಡು, ಚೆಂಡು ಕಣ್ಣ ಕೆಳಗೆ ಬರೋ ತನಕ ಕಾದು ಆಡಿದ. ಆಫ್ ಸ್ಟಂಪ್ ಆಚೆಯದನ್ನ ಬಿಡ್ತಾ ಹೋದ. ನೋಡೋಕೆ ಏನೂ ನಡೀತಿಲ್ಲ ಅನ್ಸತ್ತೆ. ನಡೀತಿರೋದೇ ಅದು.

ನೀವೆಲ್ಲ ಏನಂತೀರಿ? ಕರುಣ್ ನಾಯರ್, ಪ್ರಸಿದ್ಧ್ ಕೃಷ್ಣ ಬಗ್ಗೆಯೂ ಇಲ್ಲೇ ಮಾತಾಡೋಣ. ಒಂದೇ ಪ್ರವಾಸದಲ್ಲಿ ನಮ್ಮ ಕರ್ನಾಟಕದ ಮೂವರು ಆಡಿದ್ದನ್ನ ನೋಡಿ ಎಷ್ಟು ವರ್ಷ ಆಗಿತ್ತು!

ಧಾರವಾಡದವ · 5 ಆಗಸ್ಟ್

ಅಲ್ರೀ, ಸಿರಾಜ್‌ನ ಬಿಟ್ಟು ಯಾರದೂ ಮಾತ ಬ್ಯಾಡ ಇವತ್ತು. ಐದೂ ಟೆಸ್ಟ್ ಆಡ್ಯಾನ, 185.3 ಓವರ್ ಹಾಕ್ಯಾನ, 23 ವಿಕೆಟ್ ತಗೊಂಡಾನ. ನಾಕನೇ ದಿನ ಬ್ರೂಕ್ 19ರಾಗ ಇದ್ದಾಗ ಕ್ಯಾಚ್ ಹಿಡದು ಬೌಂಡರಿ ಗೆರಿ ತುಳದ. ಅದು ಆರು ಆತು, ಬ್ರೂಕ್ 111 ಹೊಡದ. ಬ್ಯಾರೆ ಯಾರರ ಆಗಿದ್ರ ರಾತ್ರಿ ಕುಸದ ಹೋಗ್ತಿದ್ರು. ಈ ಮನಷ್ಯಾ ಮರದಿನಾ ಮುಂಜಾನೆ ಬಂದು ಮೂರು ವಿಕೆಟ್ ತಗದು ಪಂದ್ಯಾನ ಮುಗಿಸಿದ. ನಿಮ್ಮ ರಾಹುಲ್ ಮಾತು ನಾಳೆ ಓದ್ತೀನ್ರಿ, ಸಿಟ್ ಆಗಬ್ಯಾಡ್ರಿ.

ಮೂರನೇಸ್ಲಿಪ್ · 5 ಆಗಸ್ಟ್

ಸಿಟ್ಟು ಯಾಕ್ರೀ, ಸಿರಾಜ್ ಬಗ್ಗೆ ನೀವಂದದ್ದೆಲ್ಲ ನನಗೂ ಒಪ್ಪಿಗೆಯೇ. 185 ಓವರ್ ಹಾಕಿದವನ ಕೈಲಿ ಕೊನೆ ದಿನವೂ ಆ ಯಾರ್ಕರ್ ಉಳಿದಿತ್ತಲ್ಲ, ನನಗೆ ಆಶ್ಚರ್ಯ ಅದೇ. 80 ಓವರ್ ಆದ ಮೇಲೂ ಹೊಸ ಚೆಂಡು ತಗೋಳದೆ ಹಳೇದರಲ್ಲೇ ಹೋದ್ರು. ಅದು ಆಗ ಇನ್ನೂ ಓಡಾಡ್ತಿತ್ತು. ಆ ತೀರ್ಮಾನಕ್ಕೆ ನಾಯಕ ಗಿಲ್‌ಗೂ ಅಂಕ ಕೊಡಬೇಕು.

ಲೆಗ್‌ಗ್ಲಾನ್ಸ್ · 5 ಆಗಸ್ಟ್

ಮೂರನೇಸ್ಲಿಪ್ ಅವರೆ, ನಾನೂ ರಾಹುಲ್ ಅಭಿಮಾನಿಯೇ. ಆದರೆ ಲೆಕ್ಕ ಪೂರ್ತಿ ಇಡೋಣ. ಅವನ ಹತ್ತು ಇನಿಂಗ್ಸ್: 42, 137, 2, 55, 100, 39, 46, 90, 14, 7. ಒಟ್ಟು 532. ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಆದರೆ ನಾವು ಗೆದ್ದ ಎರಡು ಪಂದ್ಯಗಳಲ್ಲಿ ಅವನ ಪಾಲು 78 ರನ್. ಎಜ್‌ಬಾಸ್ಟನ್ ಗಿಲ್‌ನ 269 ಮತ್ತು 161ರ ಮೇಲೆ ನಿಂತಿತ್ತು. ಓವಲ್‌ನಲ್ಲಿ ಜೈಸ್ವಾಲ್ 118 ಇಲ್ಲದಿದ್ರೆ, ದಿನದ ಕೊನೆಗೆ ಬ್ಯಾಟ್ಸ್‌ಮನ್ ಬದಲು ರಾತ್ರಿ ಕಾವಲಿಗೆ ಬಂದ ಬೌಲರ್ ಆಕಾಶ್ ದೀಪ್ 66 ಹೊಡೀದಿದ್ರೆ ಪ್ರಸಿದ್ಧ್, ಸಿರಾಜ್ ಕೈಗೆ ಉಳಿಸೋಕೆ ರನ್ನೇ ಇರ್ತಿರಲಿಲ್ಲ.

ಇನ್ನೊಂದು ಮಾತು, ಅದನ್ನ ಹೇಳೋಕೆ ನನಗೂ ಬೇಜಾರು. ಲಾರ್ಡ್ಸ್ ಮೂರನೇ ದಿನ ಊಟದ ಹೊತ್ತಿಗೆ ಮುಂಚೆ ಪಂತ್ ರನೌಟ್ ಆದದ್ದು. ರಾಹುಲ್ 98ರಲ್ಲಿದ್ದ, ಊಟಕ್ಕೆ ಮುಂಚೆ ಶತಕ ಮುಗಿಸಬೇಕು ಅನ್ನೋ ಆತುರ ಇತ್ತು, ಸ್ಟ್ರೈಕ್ ಕೊಡೋಕೆ ಹೋಗಿ ಪಂತ್ 74ಕ್ಕೆ ಸ್ಟೋಕ್ಸ್ ಥ್ರೋಗೆ ಬಲಿಯಾದ. ರಾಹುಲ್ ಆಮೇಲೆ ತಾನೇ ಅದನ್ನ ಒಪ್ಕೊಂಡ. ಊಟ ಮುಗಿಸಿ ಬಂದು ಸರಿಯಾಗಿ 100ಕ್ಕೆ ಔಟಾದ. ಎರಡೂ ತಂಡ ಮೊದಲ ಇನಿಂಗ್ಸ್‌ನಲ್ಲಿ 387. ಪಂದ್ಯ ಸೋತದ್ದು 22 ರನ್‌ನಿಂದ. ಆ ಜೊತೆಯಾಟ ಇನ್ನೊಂದು ಗಂಟೆ ನಡೆದಿದ್ರೆ ಏನಾಗ್ತಿತ್ತು ಅಂತ ನಾನು ಇವತ್ತಿಗೂ ಯೋಚಿಸ್ತೀನಿ.

ಮೂರನೇಸ್ಲಿಪ್ · 6 ಆಗಸ್ಟ್

ಅಕ್ಕ, ಲಾರ್ಡ್ಸ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಆ ರನೌಟ್ ತಪ್ಪೇ. ಅಲ್ಲಿ ಇನ್ನೊಂದು 50 ರನ್ ಮುನ್ನಡೆ ಸಿಕ್ಕಿದ್ರೆ 193ರ ಬೆನ್ನತ್ತೋ ಪಾಡು ಬರ್ತಿರಲಿಲ್ಲ.

ಆದರೆ ಗೆದ್ದ ಪಂದ್ಯದ ರನ್ ಮಾತ್ರ ಎಣಿಸಿದ್ರೆ ಲೆಕ್ಕ ಅಡ್ಡದಾರಿ ಹಿಡಿಯುತ್ತೆ. ಹೆಡಿಂಗ್ಲಿ ತಗೊಳ್ಳಿ. ಎರಡನೇ ಇನಿಂಗ್ಸ್‌ನಲ್ಲಿ ರಾಹುಲ್ 247 ಎಸೆತ ಆಡಿ 137. ಆ ಪಂದ್ಯದಲ್ಲಿ ನಮ್ಮವರದು ಐದು ಶತಕ. ಜೈಸ್ವಾಲ್, ಗಿಲ್, ರಾಹುಲ್ ಒಂದೊಂದು, ಪಂತ್ ಎರಡು. ಐದು ಶತಕ ಹೊಡೆದೂ ಟೆಸ್ಟ್ ಸೋತ ತಂಡ ಅದಕ್ಕೆ ಮೊದಲು ಇರಲೇ ಇಲ್ಲ. ಯಾಕೆ? ಮೊದಲ ಇನಿಂಗ್ಸ್‌ನಲ್ಲಿ 3 ವಿಕೆಟ್‌ಗೆ 430 ಇದ್ದದ್ದು 471ಕ್ಕೆ ಮುಗೀತು, 41 ರನ್‌ಗೆ 7 ವಿಕೆಟ್. ಎರಡನೇದರಲ್ಲಿ 4ಕ್ಕೆ 333 ಇದ್ದದ್ದು 364. 31ಕ್ಕೆ 6. ಎರಡು ಸಲವೂ ಬಾಲ ಉದುರಿ ಹೋಯ್ತು. ಡಕೆಟ್ 97ರಲ್ಲಿದ್ದಾಗ ಕ್ಯಾಚ್ ಬಿಟ್ವಿ, ಅವನು 149 ಹೊಡೆದ. 371 ಗುರಿಯನ್ನ 5 ವಿಕೆಟ್ ಉಳಿಸ್ಕೊಂಡು ದಾಟಿಬಿಟ್ರು. ಇದರಲ್ಲಿ ಆರಂಭಿಕ ಆಟಗಾರ ಏನು ಮಾಡಬೇಕಿತ್ತು?

ಹಳೆಚೆಂಡು · 6 ಆಗಸ್ಟ್

ಮಕ್ಕಳೇ, ನಿಮ್ಮ ಮಾತೆಲ್ಲ ಓದಿದೆ. ಮೂರನೇಸ್ಲಿಪ್ ಹೇಳ್ತಿರೋದು ನನಗೆ ಹೊಸದಲ್ಲ, ನಾನು ಅದನ್ನ 1971ರಲ್ಲೇ ಕಂಡವನು. ಕಂಡವನು ಅನ್ನೋದಕ್ಕಿಂತ ಕೇಳಿದವನು. ನನಗಾಗ ಹನ್ನೆರಡು ವರ್ಷ. ಚಿಕ್ಕಪ್ಪ ರೇಡಿಯೊ ಮುಳ್ಳನ್ನ ಕೂದಲೆಳೆಯಷ್ಟು ಅತ್ತಿತ್ತ ಸರಿಸ್ತಾ ಕೂತಿರೋರು. ಅಲೆ ಬಂದ ಹಾಗೆ ದನಿ ಬರೋದು, ಹೋಗೋದು.

ಆ ಓವಲ್ ಅಂದ್ರೆ ಎಲ್ಲರಿಗೂ ಚಂದ್ರ, ನಮ್ಮ ಸ್ಪಿನ್ನರ್ ಚಂದ್ರಶೇಖರ್. 38 ರನ್ ಕೊಟ್ಟು 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ಗಣೇಶ ಚೌತಿ ದಿನ ಗೆದ್ದದ್ದು, ಮೈದಾನಕ್ಕೆ ಬೆಲ್ಲ ಅನ್ನೋ ಆನೆಮರಿ ಕರೆತಂದಿದ್ರಂತೆ. ಅದೆಲ್ಲ ಸರಿ. ಆದರೆ ಆ ಸರಣಿ ಮೂರು ಟೆಸ್ಟ್‌ದು. ಮೊದಲೆರಡು, ಲಾರ್ಡ್ಸ್ ಮತ್ತು ಓಲ್ಡ್ ಟ್ರಾಫರ್ಡ್, ಡ್ರಾ. ಮ್ಯಾಂಚೆಸ್ಟರ್‌ನಲ್ಲಿ ನಮ್ಮ ಕೈ ಹಿಡಿದದ್ದು ಮಳೆ. ಆ ಎರಡರಲ್ಲಿ ಒಂದು ಸೋತಿದ್ರೂ ಓವಲ್ ಗೆಲುವು 1-1 ಆಗ್ತಿತ್ತು, ಇಂಗ್ಲೆಂಡ್ ನೆಲದಲ್ಲಿ ಮೊದಲ ಸರಣಿ ಗೆಲುವು ಅಂತ ಯಾರೂ ಬರೀತಿರಲಿಲ್ಲ. ಆಗ ಮಳೆ ಮಾಡಿದ ಕೆಲಸವನ್ನ ಈ ಸಲ ರಾಹುಲ್, ಗಿಲ್, ಜಡೇಜ, ವಾಷಿಂಗ್ಟನ್ ಬ್ಯಾಟ್ ಹಿಡಿದು ಮಾಡಿದ್ರು.

2002ರ ಹೆಡಿಂಗ್ಲಿಯನ್ನೂ ನೆನಪು ಮಾಡ್ಕೊಳ್ಳಿ. ಮೋಡ ಕವಿದ ಬೆಳಿಗ್ಗೆ ಟಾಸ್ ಗೆದ್ದು ಗಂಗೂಲಿ ಬ್ಯಾಟಿಂಗ್ ತಗೊಂಡ. 628 ಹೊಡೆದು ಇನಿಂಗ್ಸ್‌ನಿಂದ ಗೆದ್ವಿ. ಸಚಿನ್ 193, ದ್ರಾವಿಡ್ 148, ಗಂಗೂಲಿ 128, ನಮ್ಮ ಕುಂಬ್ಳೆಗೆ 7 ವಿಕೆಟ್. ಸಂಜಯ್ ಬಂಗಾರ್ ಹೊಡೆದ 68 ಯಾರಿಗೆ ನೆನಪಿದೆ? ದ್ರಾವಿಡ್ ಜೊತೆ 170 ಸೇರಿಸಿ ಮೊದಲ ದಿನದ ಕಾಟವನ್ನೆಲ್ಲ ಮೈಮೇಲೆ ಹಾಕ್ಕೊಂಡವನು ಅವನು.

ಕಡಲಕರೆ · 6 ಆಗಸ್ಟ್

ಅಜ್ಜೇರೆ, ನಿಮ್ಮ ರೇಡಿಯೊ ಕಥೆ ಓದಿ ಮೈ ಜುಂ ಅಂತು ಮಾರಾಯ್ರೆ. ಇನ್ನೂ ಬರೀರಿ.

ನನಗೆ ಪ್ರಸಿದ್ಧ್ ಬಗ್ಗೆ ಹೇಳ್ಲಿಕ್ಕುಂಟು. ಲೀಡ್ಸಲ್ಲಿ, ಆ ಹೆಡಿಂಗ್ಲಿ ಟೆಸ್ಟಲ್ಲಿ, ಅವನಿಗೆ 5 ವಿಕೆಟ್ ಬಂದಿತ್ತು, ಆದ್ರೆ ರನ್ ಹೋದದ್ದು ನೋಡಿ, 128 ಮತ್ತೆ 92. ಐಪಿಎಲಲ್ಲಿ ಈ ವರ್ಷ 25 ವಿಕೆಟ್ ತಗೊಂಡು, ಅತಿ ಹೆಚ್ಚು ವಿಕೆಟಿಗೆ ಕೊಡುವ ಪರ್ಪಲ್ ಕ್ಯಾಪ್ ಹಾಕ್ಕೊಂಡು ಬಂದವ. ಅಲ್ಲಿ ಪಿಚ್ಚಿಗೆ ಜೋರು ಬಡಿದು ಎದೆ ಎತ್ತರಕ್ಕೆ ಏರಿಸುದು ನಡೀತದೆ, ನಾಲ್ಕು ಓವರ್ ಅಲ್ವಾ. ಟೆಸ್ಟಲ್ಲಿ ಅದೇ ಜಾಗದಲ್ಲಿ ಹಾಕಿದ್ರೆ ಡಕೆಟ್, ಬ್ರೂಕ್ ಎಲ್ಲ ಎಳೆದು ಎಳೆದು ಬಾರಿಸ್ತಾರೆ. ಎಜ್‌ಬಾಸ್ಟನಲ್ಲಿ ಒಂದೇ ವಿಕೆಟ್, ಆಮೇಲೆ ಎರಡು ಪಂದ್ಯ ಹೊರಗೆ.

ಓವಲಿಗೆ ಬರುವಾಗ ಬೇರೆಯೇ ಬೌಲರ್. ಚೆಂಡನ್ನು ಒಂದು ಗಜ ಮುಂದೆ ಹಾಕ್ಲಿಕ್ಕೆ ಶುರು ಮಾಡಿದ. ಆ ಎತ್ತರದವ ಮುಂದೆ ಹಾಕಿದ್ರೆ ಬ್ಯಾಟ್ಸ್‌ಮನಿಗೆ ಮುಂದೆ ಬರುದಾ ಹಿಂದೆ ಹೋಗುದಾ ಗೊತ್ತಾಗುದಿಲ್ಲ. ಮೊದಲ ಇನಿಂಗ್ಸಲ್ಲಿ 62ಕ್ಕೆ 4, ಎರಡನೇದ್ರಲ್ಲಿ 126ಕ್ಕೆ 4. ಶತಕ ಹೊಡೆದ ರೂಟನ್ನು ಕೀಪರ್ ಕೈಗೆ ಕೊಡಿಸಿದ್ದು ಅವನೇ. ಕೊನೆಯ ದಿನ ಶುರುವಿನ ಎರಡು ಬಾಲಿಗೆ ಓವರ್ಟನ್ ಎರಡು ಫೋರ್ ಹೊಡೆದಾಗ ನಾನು ಎದ್ದು ಹೊರಗೆ ಹೋಗಿದ್ದೆ. ವಾಪಸ್ ಬರುವಾಗ ಟಂಗ್‌ನ ಸ್ಟಂಪ್ ಎಬ್ಬಿಸಿದ್ದ. ಅವನು ಹಾಗೆ ತಿರುಗಿ ಬಂದದ್ದು ನನಗೆ ವಿಕೆಟಿಗಿಂತ ಹೆಚ್ಚು ಖುಷಿ ಕೊಟ್ಟದ್ದು.

ಸ್ಕೋರ್‌ಪುಸ್ತಕ · 6 ಆಗಸ್ಟ್

ಪ್ರಸಿದ್ಧ್ ಮೂರು ಟೆಸ್ಟ್‌ನಲ್ಲಿ 14 ವಿಕೆಟ್. ಬುಮ್ರಾ ಕೂಡ ಮೂರು ಟೆಸ್ಟ್‌ನಲ್ಲಿ 14. ಒಂದು ವಿಕೆಟ್‌ಗೆ ಕೊಟ್ಟ ರನ್ ಸರಾಸರಿ ಬುಮ್ರಾದು 26, ಪ್ರಸಿದ್ಧ್‌ದು 37. ಅಂತರ ಅಲ್ಲಿದೆ.

ಬುಮ್ರಾ ಆಡದ ಎರಡು ಟೆಸ್ಟ್‌ಗಳನ್ನೇ ಗೆದ್ದದ್ದು ಅಂತ ಕೆಲವರು ಎಲ್ಲೆಡೆ ಬರೀತಿದ್ದಾರೆ. ದಯವಿಟ್ಟು ಇಲ್ಲಿ ಅದನ್ನ ತರಬೇಡಿ. ಲೀಡ್ಸ್‌ನಲ್ಲೂ ಲಾರ್ಡ್ಸ್‌ನಲ್ಲೂ ಐದೈದು ವಿಕೆಟ್ ತಗೊಂಡವನು ಆತ. ಲಾರ್ಡ್ಸ್‌ನಲ್ಲಿ 54 ಎಸೆತ ಎದುರಿಸಿ 5 ರನ್ ಹೊಡೆದು ಜಡೇಜ ಜೊತೆ ನಿಂತವನೂ ಆತನೇ. ಮೂರೇ ಟೆಸ್ಟ್ ಅಂತ ಮೊದಲೇ ಹೇಳಿದ್ರು, ಬೆನ್ನಿನ ವಿಷಯ ಅದು.

ದ್ರಾವಿಡ್ ಅಭಿಮಾನಿಗಳಿಗೆ ಈ ಸರಣಿ ಇನ್ನೊಂದು ಕಾರಣಕ್ಕೂ ನೆನಪಿರುತ್ತೆ. ವಿಕೆಟ್ ಕೀಪರ್ ಅಲ್ಲದವರಲ್ಲಿ ಅತಿ ಹೆಚ್ಚು ಟೆಸ್ಟ್ ಕ್ಯಾಚ್, 210, ದ್ರಾವಿಡ್ ಹೆಸರಲ್ಲಿತ್ತು. ಲಾರ್ಡ್ಸ್‌ನಲ್ಲಿ ರೂಟ್ ಸ್ಲಿಪ್‌ನಲ್ಲಿ ನೆಲಕ್ಕೆ ತಾಕೋ ಹೊತ್ತಲ್ಲಿ ಒಂದೇ ಕೈಲಿ ಹಿಡಿದು 211 ಮಾಡಿದ. ಔಟಾದದ್ದು ನಮ್ಮ ಕರುಣ್. ಮುಂದಿನ ಟೆಸ್ಟ್‌ನಲ್ಲಿ 150 ಹೊಡೆಯುವಾಗ ರನ್ ಪಟ್ಟಿಯಲ್ಲಿ ದ್ರಾವಿಡ್ 13,288, ಕಾಲಿಸ್ 13,289, ಪಾಂಟಿಂಗ್ 13,378 ಮೂರನ್ನೂ ಒಂದೇ ಇನಿಂಗ್ಸ್‌ನಲ್ಲಿ ದಾಟಿದ. ಈಗ ಮುಂದೆ ಇರೋದು ಸಚಿನ್ ಒಬ್ಬರೇ.

ಧಾರವಾಡದವ · 6 ಆಗಸ್ಟ್

ಅದ ರೂಟ್ ಐದನೇ ದಿನ ಮ್ಯಾಂಚೆಸ್ಟರ್‌ದಾಗ ಜಡೇಜಂದು ಮೊದಲನೇ ಬಾಲಿನ ಕ್ಯಾಚ್ ಬಿಟ್ಟನಲ್ರೀ! 211 ಹಿಡದ ಕೈ. ಅದು ಹಿಡದಿದ್ರ 222ಕ್ಕ 5, ಮುಂದ ಕಾಲ ಮುರಕೊಂಡ ಪಂತ್. ಟೆಸ್ಟ್ ಅಂದ್ರ ಇಷ್ಟ ನೋಡ್ರಿ.

ಹಾಂ, ನಿಮ್ಮ ರಾಹುಲ್ ಮಾತು ಓದಿದ್ನಿ. ಒಪ್ಪಿದ್ನಿ.

ರಣಜಿಪ್ರಿಯ · 7 ಆಗಸ್ಟ್

ಕರುಣ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ, ಅದಕ್ಕೆ ನಾನೇ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ.

2016ರ ಡಿಸೆಂಬರ್, ಚೆನ್ನೈ. ಇದೇ ಇಂಗ್ಲೆಂಡ್ ಎದುರು ರಾಹುಲ್ 199ಕ್ಕೆ ಔಟಾದ, ಕರುಣ್ 303 ಹೊಡೆದು ಔಟಾಗದೆ ಉಳಿದ. ಒಂದೇ ಇನಿಂಗ್ಸ್‌ನಲ್ಲಿ ನಮ್ಮ ಇಬ್ಬರು. ಸೆಹ್ವಾಗ್ ಬಿಟ್ರೆ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಭಾರತೀಯ ಇವನೊಬ್ಬನೇ. ಆಮೇಲೆ ಮೂರು ಟೆಸ್ಟ್ ಆಡಿಸಿ 2017ರಲ್ಲಿ ಕೈಬಿಟ್ರು. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ತಂಡದ ಜೊತೆಗೇ ಇದ್ದ. ಓವಲ್ ಟೆಸ್ಟ್‌ಗೆ ಬ್ಯಾಟ್ಸ್‌ಮನ್ ಬೇಕಾದಾಗ ಆಮೇಲೆ ಬಂದು ಸೇರಿದ ಹನುಮ ವಿಹಾರಿಗೆ ಅವಕಾಶ ಸಿಕ್ತು. ವಿಹಾರಿ ಅರ್ಧಶತಕ ಹೊಡೆದ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪ್ರವಾಸ ಪೂರ್ತಿ ನೆಟ್ಸ್‌ನಲ್ಲಿ ಕಾದವನ ಮನಸ್ಸು ಏನಾಗಿರಬೇಡ?

ಆಮೇಲೆ ಕರ್ನಾಟಕ ತಂಡದಲ್ಲೂ ಜಾಗ ಹೋಯ್ತು. ವಿದರ್ಭಕ್ಕೆ ಹೋದ. ಕೌಂಟಿಯಲ್ಲಿ ನಾರ್ತಾಂಪ್ಟನ್‌ಶೈರ್ ಪರ ಇಂಗ್ಲಿಷ್ ಪಿಚ್‌ಗಳಲ್ಲೇ ದ್ವಿಶತಕ ಹೊಡೆದ. ಕಳೆದ ಋತುವಿನ ರಣಜಿಯಲ್ಲಿ 863 ರನ್, ವಿದರ್ಭ ಚಾಂಪಿಯನ್. ವಿಜಯ್ ಹಜಾರೆ ಏಕದಿನ ಟೂರ್ನಿಯಲ್ಲಿ 779 ರನ್, ಐದು ಶತಕ. ಟೆಸ್ಟ್ ಸರಣಿಗೆ ಮುಂಚೆ ಕ್ಯಾಂಟರ್ಬರಿಯಲ್ಲಿ ಭಾರತ ಎ ಪರ 204. ಇದಕ್ಕಿಂತ ಹೆಚ್ಚು ಏನು ಮಾಡಿ ಬಾಗಿಲು ತಟ್ಟಬೇಕು?

ಬಾಗಿಲು ತೆರೀತು, ಆದರೆ ಒಳಗೆ ಕೂರೋಕೆ ಜಾಗ ಹೇಗಿತ್ತು ನೋಡಿ. ಲೀಡ್ಸ್‌ನಲ್ಲಿ ಆರನೇ ಕ್ರಮಾಂಕ. ಮುಂದಿನ ಎರಡು ಟೆಸ್ಟ್‌ನಲ್ಲಿ ಮೂರನೇದು. ಮ್ಯಾಂಚೆಸ್ಟರ್‌ನಲ್ಲಿ ಹೊರಗೆ. ಓವಲ್‌ನಲ್ಲಿ ಐದನೇದು. ಆ ಓವಲ್‌ನ ಮೊದಲ ದಿನ ಹಸಿರು ಪಿಚ್ಚು, ಮೇಲೆ ಮೋಡ, ಎಲ್ಲರೂ ಬರ್ತಾ ಹೋಗ್ತಾ ಇದ್ದಾಗ 109 ಎಸೆತ ಆಡಿ 57. ಆ 303ರ ಬಳಿಕ ಟೆಸ್ಟ್‌ನಲ್ಲಿ ಅವನ ಮೊದಲ ಅರ್ಧಶತಕ. ನಾವು 224ಕ್ಕೆ ಆಲೌಟ್, ಕೊನೆಗೆ ಗೆದ್ದದ್ದು 6 ರನ್‌ನಿಂದ. ಮೂರನೇಸ್ಲಿಪ್ ಅವರೆ, ನಿಮ್ಮ ರಾಹುಲ್ 90ಕ್ಕೆ ಕೊಡೋ ಬೆಲೆಯನ್ನ ಈ 57ಕ್ಕೂ ಕೊಡಬೇಕು.

ಅವತ್ತು ಸಂಜೆಯ ಒಂದು ಗಳಿಗೆ ಬಗ್ಗೆ ಬರೀದೆ ಮುಗಿಸೋಕೆ ಆಗ್ತಿಲ್ಲ. ಕರುಣ್ ಹೊಡೆದ ಚೆಂಡನ್ನ ತಡೀಲಿಕ್ಕೆ ಬೌಂಡರಿ ಗೆರೆ ಹತ್ರ ಹಾರಿ ಬಿದ್ದು ವೋಕ್ಸ್ ಭುಜ ಜಾರಿಸ್ಕೊಂಡ. ಮೂರು ರನ್ ಓಡಿದ್ರು. ನಾಲ್ಕನೇದು ಸಲೀಸಾಗಿ ಸಿಗ್ತಿತ್ತು, ಓಡಲಿಲ್ಲ. ವೋಕ್ಸ್ ನೋವಿನಲ್ಲಿದ್ದಾನೆ ಅಂತ ಕರುಣ್ ಬೇಡ ಅಂದ. ಎಂಟು ವರ್ಷ ಒಂದೊಂದು ರನ್‌ಗೂ ಹಸಿದಿದ್ದವನು.

ಲೆಗ್‌ಗ್ಲಾನ್ಸ್ · 7 ಆಗಸ್ಟ್

ರಣಜಿಪ್ರಿಯ ಅವರೆ, ಓದಿ ಗಂಟಲು ಕಟ್ಟಿತು. ಆದರೂ ಹೇಳಲೇಬೇಕು. ಕರುಣ್‌ನ ಎಂಟು ಇನಿಂಗ್ಸ್: 0, 20, 31, 26, 40, 14, 57, 17. ಒಟ್ಟು 205, ಸರಾಸರಿ 25.62. ಸೊನ್ನೆ ಬಿಟ್ರೆ ಪ್ರತಿ ಸಲವೂ ಎರಡಂಕಿ ದಾಟಿದ್ದಾನೆ, ಒಂದು ಸಲ ಮಾತ್ರ ಐವತ್ತು ದಾಟಿದ್ದಾನೆ. ಕಷ್ಟದ ಮೊದಲ ಅರ್ಧ ಗಂಟೆ ಆಡಿ, ಸುಲಭ ಆಗೋ ಹೊತ್ತಿಗೆ ಹೋಗೋದು. ಇದು ಕ್ರಮಾಂಕ ಬದಲಾಯಿಸಿದ್ದರಿಂದ ಆದದ್ದಲ್ಲ ಅನ್ಸತ್ತೆ ನನಗೆ.

ಲಾರ್ಡ್ಸ್ ಎರಡನೇ ಇನಿಂಗ್ಸ್ ನೋಡಿ. 193 ಬೇಕು, ರಾಹುಲ್ ಜೊತೆ ಚೆನ್ನಾಗಿ ಆಡ್ತಿದ್ದ, ಕಾರ್ಸ್‌ನ ಚೆಂಡು ಒಳಗೆ ಬರೋದನ್ನ ಗುರುತಿಸದೆ ಬ್ಯಾಟ್ ಎತ್ತಿ ಬಿಟ್ಟ, ಎಲ್‌ಬಿಡಬ್ಲ್ಯು. ಅಲ್ಲಿಂದ ಗಿಲ್ ಹೋದ, ರಾತ್ರಿ ಕಾವಲುಗಾರ ಆಕಾಶ್ ದೀಪ್ ಹೋದ. ಬಿಡೋ ಕಲೆ ರಾಹುಲ್‌ಗೆ ಸಿದ್ಧಿಸಿದೆ ಅಂತ ಹೊಗಳೋ ನಾವು ಇದನ್ನೂ ನೋಡಬೇಕು. 33 ವರ್ಷದವನಿಗೆ ಆಯ್ಕೆಗಾರರು ಕಾಯೋದಿಲ್ಲ, ಅದು ಕ್ರೂರ ಹೌದು, ಆದರೆ ಹಾಗೇ ಇದೆ.

ರಣಜಿಪ್ರಿಯ · 7 ಆಗಸ್ಟ್

ಅಂಕಿ ಸುಳ್ಳು ಅಂತ ನಾನು ಹೇಳಲ್ಲ ಅಕ್ಕ. ಆ ಲೀವ್ ಕೂಡ ತಪ್ಪೇ. ನನ್ನ ಪ್ರಶ್ನೆ ಒಂದೇ: ಐದು ಟೆಸ್ಟ್‌ಗೂ ಒಂದೇ ಕ್ರಮಾಂಕ ಕೊಟ್ಟು ನೋಡಿದ್ರಾ? ರಾಹುಲ್‌ನ ಇಷ್ಟು ವರ್ಷ ಆರಂಭಿಕ, ಐದನೇದು, ಆರನೇದು, ಕೀಪಿಂಗ್ ಅಂತ ಓಡಾಡಿಸಿದ್ರು. ರೋಹಿತ್ ನಿವೃತ್ತಿ ಆದ ಮೇಲೆ ಜಾಗ ಅವನದೇ ಅಂತ ಗಟ್ಟಿಯಾಯ್ತು, ನೋಡಿ ಏನಾಯ್ತು.

ಮೂರನೇಸ್ಲಿಪ್ · 7 ಆಗಸ್ಟ್

ರಣಜಿಪ್ರಿಯ ಅವರೆ, 57ರ ಬಗ್ಗೆ ನೀವು ಹೇಳಿದ್ದು ಸರಿ. ನಾನು ಅದನ್ನ ಮರೆತು ಮೊದಲ ಪೋಸ್ಟ್ ಬರೆದೆ, ಅದು ನನ್ನ ತಪ್ಪು.

ರಾಹುಲ್ ಮತ್ತು ಜಾಗದ ವಿಷಯದಲ್ಲಿ ಒಂದು ಸೇರಿಸ್ತೀನಿ. 2025ರ ಈ ಸರಣಿ ಮುಗಿಯೋ ಹೊತ್ತಿಗೆ ಅವನ 10 ಟೆಸ್ಟ್ ಶತಕಗಳಲ್ಲಿ 9 ಹೊರದೇಶದಲ್ಲಿ. ಸಿಡ್ನಿ, ಕೊಲಂಬೊ, ಜಮೈಕಾ, ಓವಲ್, ಸೆಂಚುರಿಯನ್ ಎರಡು ಸಲ, ಲಾರ್ಡ್ಸ್ ಎರಡು ಸಲ, ಈಗ ಹೆಡಿಂಗ್ಲಿ. ಅಲ್ಲಿಯವರೆಗೆ ತವರಲ್ಲಿ ಇದ್ದದ್ದು ಒಂದೇ ಒಂದು, ಆ 199. ಲಾರ್ಡ್ಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಶತಕ ಹೊಡೆದ ಭಾರತೀಯರು ವೆಂಗ್‌ಸರ್ಕಾರ್ ಮತ್ತು ಇವನು, ಇಬ್ಬರೇ. ಇಂಥವನನ್ನ ನಾವು ವರ್ಷಗಟ್ಟಲೆ ಬೈದಿದ್ದೀವಿ. ನಾನೂ ಬೈದಿದ್ದೀನಿ.

ಹಳೆಚೆಂಡು · 8 ಆಗಸ್ಟ್

ದ್ರಾವಿಡ್ ಹೆಸರು ಬಂತಲ್ಲ, ಅದಕ್ಕೆ ಒಂದು ಮಾತು. 2011ರಲ್ಲಿ ಇಂಗ್ಲೆಂಡ್‌ನಲ್ಲಿ 4-0 ಸೋತ್ವಿ. ದ್ರಾವಿಡ್ ಒಬ್ಬರೇ ಮೂರು ಶತಕ. ಓವಲ್‌ನಲ್ಲಿ ಆರಂಭಿಕನಾಗಿ ಬಂದು 146 ಹೊಡೆದು ಕೊನೆತನಕ ಔಟಾಗದೆ ಉಳಿದ್ರು, ತಂಡ 300ಕ್ಕೆ ಮುಗೀತು. ತಕ್ಷಣ ನಾವೇ ಮತ್ತೆ ಬ್ಯಾಟ್ ಮಾಡಬೇಕಾದ ಫಾಲೋಆನ್ ಬಂದದ್ದರಿಂದ ಪ್ಯಾಡ್ ಬಿಚ್ಚೋಕೂ ಬಿಡುವಿಲ್ಲದೆ ಮತ್ತೆ ಆರಂಭಿಕನಾಗಿ ಇಳಿದ್ರು. ಇನ್ನೊಂದು ತುದಿಯಲ್ಲಿ ನಿಲ್ಲೋರು ಇರಲಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ರಾಹುಲ್ ಎದುರು ಗಿಲ್ ಇದ್ದ, ಅವರಿಬ್ಬರೂ ಹೋದ ಮೇಲೆ ಜಡೇಜ, ವಾಷಿಂಗ್ಟನ್ ಇದ್ರು. ಸ್ಟೋಕ್ಸ್ ಬಂದು ಕೈ ಕುಲುಕಿ ಮುಗಿಸೋಣ ಅಂದಾಗ ಅವರು ಬೇಡ ಅಂದು ಶತಕ ಮುಗಿಸಿದ್ದಕ್ಕೆ ಅಲ್ಲಿ ಗಲಾಟೆ ಆಯ್ತಂತೆ. ದಿನವಿಡೀ ಬೆವರು ಸುರಿಸಿದವರು ತಮ್ಮ ಶತಕ ತಾವು ತಗೋಬಾರದೆ?

ಕಡಲಕರೆ · 8 ಆಗಸ್ಟ್

ಸರಿಯಾಗಿ ಹೇಳಿದ್ರಿ ಅಜ್ಜೇರೆ.

ಗಾಯ ಆದವರ ಬದಲಿಗೆ ಆಟಗಾರ ಕೊಡ್ಬೇಕಾ ಬೇಡ್ವಾ ಅಂತ ಚರ್ಚೆ ನಡೀತಾ ಉಂಟಲ್ಲ. ನಮ್ಮ ಕೋಚ್ ಗಂಭೀರ್ ಬೇಕು ಅಂತಾರೆ, ಇಂಗ್ಲೆಂಡ್ ನಾಯಕ ಸ್ಟೋಕ್ಸ್ ಬೇಡ್ವೇ ಬೇಡ ಅಂತಾರೆ. ಪಂತ್ ಮುರಿದ ಕಾಲಲ್ಲಿ ಬಂದು 54 ಹೊಡೆದದ್ದು, ವೋಕ್ಸ್ ತೋಳಿಗೆ ಪಟ್ಟಿ ಕಟ್ಟಿ ಸ್ವೆಟರ್ ಒಳಗೆ ಕೈ ಅಡಗಿಸಿ ಹನ್ನೊಂದನೆಯವನಾಗಿ ಬಂದದ್ದು, ಎರಡೂ ನೋಡುವಾಗ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚಾಯ್ತು. ಬದಲಿ ಕೊಡ್ಬೇಕು ಅಂತ ನನ್ನ ಅಭಿಪ್ರಾಯ.

ರಣಜಿಪ್ರಿಯ · 25 ಸೆಪ್ಟೆಂಬರ್

ವೆಸ್ಟ್ ಇಂಡೀಸ್ ಸರಣಿಗೆ ತಂಡ ಪ್ರಕಟ ಆಯ್ತು. ಕರುಣ್ ಇಲ್ಲ. ಆಯ್ಕೆ ಸಮಿತಿಯ ಅಗರ್ಕರ್ ಅವರು ಅವನಿಂದ ಇನ್ನೂ ಹೆಚ್ಚು ನಿರೀಕ್ಷೆ ಇತ್ತು ಅಂದ್ರು. ದೇವದತ್ತ ಪಡಿಕ್ಕಲ್ ಒಳಗೆ ಬಂದಿದ್ದಾನೆ, ಅದಕ್ಕೆ ಸಂತೋಷ ಪಡಬೇಕು, ಪಡ್ತೀನಿ ಕೂಡ. ಇವತ್ತು ಮಾತ್ರ ಆಗ್ತಿಲ್ಲ.

ಲೆಗ್‌ಗ್ಲಾನ್ಸ್ · 25 ಸೆಪ್ಟೆಂಬರ್

ಹೀಗೇ ಆಗಬಹುದು ಅಂತ ನಾನೇ ಬರೆದಿದ್ದೆ. ಆದದ್ದು ನೋಡಿ ನನಗೆ ಸ್ವಲ್ಪವೂ ಸಮಾಧಾನ ಇಲ್ಲ. ತವರಲ್ಲಿ ಎರಡು ಟೆಸ್ಟ್ ಕೊಟ್ಟು ನೋಡಬಹುದಿತ್ತು.

ಧಾರವಾಡದವ · 26 ಸೆಪ್ಟೆಂಬರ್

ಈ ಸಲ ರಣಜಿ ನಮ್ಮ ಕಡೆ ಆಡಾಕ ವಾಪಸ್ ಬಂದಾನಲ್ರೀ. ಮನಿಗೆ ಬಂದಾನ. ನೋಡೂಣು.

ರಣಜಿಪ್ರಿಯ · 29 ಅಕ್ಟೋಬರ್

ಶಿವಮೊಗ್ಗದಿಂದ ನಿನ್ನೆ ವಾಪಸ್ ಬಂದೆ. ನವುಲೆ ಮೈದಾನದಲ್ಲಿ ಗೋವಾ ಎದುರಿನ ಪಂದ್ಯ. ಮಳೆ ಮಧ್ಯೆ ಮಧ್ಯೆ ಕಾಡ್ತಿತ್ತು, ಪಂದ್ಯ ಡ್ರಾ ಆಯ್ತು. ಕರ್ನಾಟಕ 371ಕ್ಕೆ ಮುಗಿದಾಗ ಕರುಣ್ 174, ಔಟಾಗಲಿಲ್ಲ. ಒಂದು ತುದಿಯಲ್ಲಿ ವಿಕೆಟ್ ಹೋಗ್ತಾ ಇದ್ರೂ ಬಾಲಂಗೋಚಿಗಳನ್ನ ಕಟ್ಕೊಂಡು ಆಡಿದ. ನಾನು ಬೇಕಂತಲೇ ಸ್ಲಿಪ್ ಹಿಂದೆ ಕೂತು ಅವನು ಬಿಡೋ ಎಸೆತಗಳನ್ನೇ ನೋಡ್ತಿದ್ದೆ. ಸ್ಟಂಪ್ ಎಲ್ಲಿದೆ ಅಂತ ಅವನಿಗೆ ಗೊತ್ತಿದೆ.

ಮುಂದಿನ ಪಂದ್ಯ ಕೇರಳದ ಮೇಲೆ, ತಿರುವನಂತಪುರದಲ್ಲಿ. ಯಾರಾದ್ರೂ ಹೋಗೋರಿದ್ರೆ ಇಲ್ಲಿ ಬರೀರಿ.

ಸ್ಕೋರ್‌ಪುಸ್ತಕ · 2 ನವೆಂಬರ್

ಕೇರಳದ ಎದುರು ಕರುಣ್ 233. ಕರ್ನಾಟಕ 5 ವಿಕೆಟ್‌ಗೆ 586, ಡಿಕ್ಲೇರ್.